ಎಷ್ಟು ಮಕ್ಕಳು ‘ಎ’ ಎತ್ತಿದರು?

ಈ ಅಂಕಣ ಓದುವ ಶಿಕ್ಷಕರಿಂದ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ‘ಎಂಸಿಕ್ಯೂ (ಬಹು ಆಯ್ಕೆಯ ಪ್ರಶ್ನೆ) ಟೆಸ್ಟ್ ಕೊಡೋಕೆ, ತಿದ್ದೋಕೆ ಯಾವ ಆ್ಯಪ್ ಒಳ್ಳೇದು ಸಾರ್?’ ಕೇಳುವವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ), ನಡುನಡುವೆ ಯೂನಿಟ್ ಟೆಸ್ಟ್, ಹತ್ತನೇ ತರಗತಿಯಾದರೆ ಅದರ ಮೇಲೆ ಸರಣಿ ಪರೀಕ್ಷೆಗಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದಷ್ಟು ಕಾಲವೂ ನನ್ನ ಬ್ಯಾಗಿನಲ್ಲಿ ತಿದ್ದಬೇಕಾದ ಪೇಪರಿನ ಕಟ್ಟೊಂದು ಇದ್ದೇ ಇರುತ್ತಿತ್ತು. ಮದುವೆಮನೆಗೂ ಅದನ್ನು ಹೊತ್ತುಕೊಂಡು ಹೋದವರು ನಮ್ಮ ಸ್ಟಾಫ್ ರೂಮಿನಲ್ಲಿದ್ದರು. ಹಾಗಾಗಿ ಫೋನ್ ತೋರಿಸಿದರೆ ಅಂಕ ಬೀಳುತ್ತದೆ ಎಂದಾಗ ಮೇಷ್ಟ್ರ ಕಣ್ಣು ಅರಳುವುದು ಸಹಜ.

ಆದರೆ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಒಂದು, ಅಂಕ ಹಾಕುವುದು. ಇನ್ನೊಂದು, ನಾನು ಹೇಳಿದ ಪಾಠ ಈ ಮಕ್ಕಳ ತಲೆಯಲ್ಲಿ ಯಾವ ರೂಪದಲ್ಲಿ ಕೂತಿದೆ ಎಂದು ತಿಳಿದುಕೊಳ್ಳುವುದು. ಮೊದಲನೆಯದಕ್ಕೆ ಈಗ ಬೇಕಾದಷ್ಟು ಸಲಕರಣೆ ಇದೆ, ಬಹುಪಾಲು ಪುಕ್ಕಟೆ. ಎರಡನೆಯದಕ್ಕೆ ನಾನು ಕಂಡ ಅತ್ಯುತ್ತಮ ಸಲಕರಣೆ ಒಂದು ಕಾಗದದ ಕಾರ್ಡು. ಅದಕ್ಕೆ ಆಮೇಲೆ ಬರುತ್ತೇನೆ.

ಅಂಕ ಹಾಕುವ ಸಲಕರಣೆಗಳಲ್ಲಿ ಹಳೆಯದು ತೂತಿನ ಹಾಳೆ. ಉತ್ತರಪತ್ರಿಕೆಯ ಅಳತೆಯದೇ ರಟ್ಟು ತೆಗೆದುಕೊಂಡು, ಸರಿ ಉತ್ತರದ ವೃತ್ತ ಇರುವ ಕಡೆಯೆಲ್ಲ ಪಂಚಿಂಗ್ ಮಷಿನ್ನಿನಲ್ಲೋ ಬ್ಲೇಡಿನಲ್ಲೋ ತೂತು ಮಾಡಿ, ಮಗುವಿನ ಹಾಳೆಯ ಮೇಲಿಟ್ಟು ತೂತಿನಲ್ಲಿ ಕಾಣುವ ಕಪ್ಪನ್ನು ಎಣಿಸುವುದು. ಐವತ್ತು ಪ್ರಶ್ನೆಯ ಪತ್ರಿಕೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಕರೆಂಟ್ ಬೇಡ, ನೆಟ್ ಬೇಡ. ಇದರ ಲೋಪ ಮಕ್ಕಳಿಗೆ ನಮಗಿಂತ ಮೊದಲು ಗೊತ್ತಾಗುತ್ತದೆ: ಒಂದೇ ಪ್ರಶ್ನೆಗೆ ಎರಡು ವೃತ್ತ ತುಂಬಿದರೆ ತೂತಿನೊಳಗೆ ಸರಿಯಾದದ್ದಷ್ಟೇ ಕಾಣುತ್ತದೆ, ಇನ್ನೊಂದು ರಟ್ಟಿನಡಿ ಅಡಗುತ್ತದೆ. ಆದ್ದರಿಂದ ರಟ್ಟು ಇಡುವ ಮೊದಲೇ ಜೋಡಿ ತುಂಬಿದ ಸಾಲುಗಳಿಗೆ ಕೆಂಪು ಗೆರೆ ಎಳೆದುಬಿಡಬೇಕು.

ಯಂತ್ರ ಬಂದ ಕಥೆ ಸ್ವಾರಸ್ಯದ್ದು. ಅಮೆರಿಕದ ಮಿಶಿಗನ್ ರಾಜ್ಯದ ಐರನ್‌ವುಡ್ ಎಂಬ ಊರಿನಲ್ಲಿ ರೆನಾಲ್ಡ್ ಜಾನ್ಸನ್ ಎಂಬ ಹೈಸ್ಕೂಲ್ ಮೇಷ್ಟ್ರಿದ್ದರು. ಪೆನ್ಸಿಲ್ ಗೆರೆಯಲ್ಲಿ ಕರೆಂಟ್ ಹರಿಯುತ್ತದೆ ಎನ್ನುವುದು ಅವರಿಗೆ ಹುಡುಗಾಟದ ದಿನಗಳಿಂದಲೇ ಗೊತ್ತಿತ್ತಂತೆ. ಅಕ್ಕಂದಿರನ್ನು ನೋಡಲು ಬರುತ್ತಿದ್ದ ಯುವಕರ ಕಾರಿನ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್ ಗೆರೆ ಎಳೆದು ಗಾಡಿ ಸ್ಟಾರ್ಟ್ ಆಗದಂತೆ ಮಾಡುತ್ತಿದ್ದರು ಎಂಬ ಕಥೆಯಿದೆ. ಅದೇ ಗುಣ ಹಿಡಿದು, ಪೆನ್ಸಿಲ್ ಗುರುತು ಎಲ್ಲಿದೆ ಎಂದು ಕರೆಂಟಿನಿಂದ ಪತ್ತೆಹಚ್ಚಿ ಅಂಕ ಎಣಿಸುವ ಯಂತ್ರ ಮಾಡಿದರು. ಐಬಿಎಂ ಕಂಪನಿ ಅದನ್ನೂ ಅವರನ್ನೂ ಎಳೆದುಕೊಂಡಿತು. 1930ರ ದಶಕದ ಕೊನೆಯಲ್ಲಿ ಐಬಿಎಂ 805 ಎಂಬ ಹೆಸರಿನಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. (ಕಂಪ್ಯೂಟರಿನ ಮೊದಲ ಹಾರ್ಡ್ ಡಿಸ್ಕ್ 1956ರಲ್ಲಿ ಬಂದದ್ದು ಇದೇ ಮೇಷ್ಟ್ರ ಮುಂದಾಳತ್ವದಲ್ಲಿ.) ಪೆನ್ಸಿಲ್ಲಿನಲ್ಲೇ ತುಂಬಬೇಕು ಎಂಬ ಹಳೆಯ ಕಟ್ಟಪ್ಪಣೆಯ ಮೂಲ ಆ 805 ಯಂತ್ರ. 1950ರ ದಶಕದಲ್ಲಿ ಅಯೋವಾ ವಿಶ್ವವಿದ್ಯಾಲಯದ ಲಿಂಡ್‌ಕ್ವಿಸ್ಟ್ ಅವರು ಬೆಳಕು ಹಾಯಿಸಿ ಗುರುತು ಓದುವ ಯಂತ್ರ ತಂದ ಮೇಲೆ ಗೆರೆಯಲ್ಲಿ ಕರೆಂಟ್ ಹರಿಯಬೇಕಾದ ಅಗತ್ಯ ಹೋಯಿತು, ಕಪ್ಪಾಗಿದ್ದರೆ ಸಾಕಾಯಿತು. ನಮ್ಮ ಸಿಇಟಿ ಬರೆಯುವ ಮಕ್ಕಳು ಬಾಲ್‌ಪೆನ್ನಿನಲ್ಲಿ ವೃತ್ತ ತುಂಬುವುದು ಆ ಧೈರ್ಯದ ಮೇಲೆ.

ಈಗ ಆ ಯಂತ್ರ ಜೇಬಿಗೆ ಬಂದಿದೆ. ಜಿಪ್‌ಗ್ರೇಡ್‌ನಂಥ ಆ್ಯಪಿನಲ್ಲಿ ಮೂಲೆಗಳಲ್ಲಿ ಕಪ್ಪು ಚೌಕವಿರುವ ಉತ್ತರ ಹಾಳೆ ಸಿಗುತ್ತದೆ, ಸಾಮಾನ್ಯ ಜೆರಾಕ್ಸ್ ಸಾಕು. ಕೀ ಆನ್ಸರ್ ಹಾಕಿ, ಮಕ್ಕಳ ಹಾಳೆಯನ್ನು ಕ್ಯಾಮೆರಾ ಕೆಳಗೆ ಹಿಡಿದರೆ ಅಂಕ ಬೀಳುತ್ತದೆ. ನೆರಳು ಬೀಳದ ಮೇಜು ಇರಲಿ, ಹಾಳೆ ಮಡಿಸಿರಬಾರದು, ಅಷ್ಟೇ ಷರತ್ತು. ಎಂಟನೇ ತರಗತಿಯವರಿಗೆ ಇದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ, ಅದಕ್ಕೆ ಕಾರಣ ಎನ್‌ಎಂಎಂಎಸ್. ಸರ್ಕಾರಿ, ಅನುದಾನಿತ ಶಾಲೆಯ ಬಡ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಕೊಡುವ ಆ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ 90 ಪ್ರಶ್ನೆಯಂತೆ ಎರಡು ಪತ್ರಿಕೆ, ಎಲ್ಲ ವೃತ್ತ ತುಂಬುವ ಒಎಂಆರ್ ಹಾಳೆಯಲ್ಲಿ. ಉತ್ತರ ಗೊತ್ತಿದ್ದೂ ಕಳೆದುಕೊಳ್ಳುವ ಮಕ್ಕಳನ್ನು ಅಲ್ಲಿ ನೋಡಬೇಕು. 31ನೇ ಪ್ರಶ್ನೆ ಬಿಟ್ಟು ಮುಂದಕ್ಕೆ ಹೋಗಿರುತ್ತಾರೆ, 32ರ ಉತ್ತರವನ್ನು 31ರ ಸಾಲಿನಲ್ಲಿ ತುಂಬುತ್ತಾರೆ, ಅಲ್ಲಿಂದ ಮುಂದಿನದೆಲ್ಲ ಒಂದೊಂದು ಸಾಲು ಮೇಲಕ್ಕೆ ಸರಿದಿರುತ್ತದೆ. ಟ್ಯೂಷನ್ನಿಗೆ ಹೋಗುವ ಪೇಟೆ ಮಗುವಿಗೆ ಈ ಹಾಳೆ ನೀರು ಕುಡಿದಷ್ಟು ಸಲೀಸು. ಹಳ್ಳಿ ಮಗು ಅದನ್ನು ಮೊದಲ ಸಲ ನೋಡುವುದು ಪರೀಕ್ಷೆಯ ದಿನವೇ ಆಗಬಾರದು.

ಇನ್ನು ಅಂಕದ ಮಾತು. ನಾಲ್ಕು ಆಯ್ಕೆಯ 40 ಪ್ರಶ್ನೆ ಕೊಟ್ಟು, ಏನೂ ಓದದ ಮಗುವಿಗೆ ಕಣ್ಣುಮುಚ್ಚಿ ತುಂಬು ಎಂದರೆ ಸರಾಸರಿ 10 ಸರಿಯಾಗುತ್ತದೆ. ಪಾಸಿಗೆ 14 ಬೇಕು ಎಂದಿಟ್ಟುಕೊಳ್ಳಿ. ಹೀಗೆ ತುಂಬಿದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಪಾಸಾಗುತ್ತಾರೆ. ಪ್ರಶ್ನೆ ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚು: 10 ಪ್ರಶ್ನೆಯ ಯೂನಿಟ್ ಟೆಸ್ಟಿನಲ್ಲಿ 4 ಸರಿಯಾದರೆ ಪಾಸು ಎಂದರೆ ನೂರಕ್ಕೆ 22 ಮಂದಿ ಪುಸ್ತಕ ತೆರೆಯದೆ ದಾಟಿಕೊಳ್ಳುತ್ತಾರೆ. ಹತ್ತು ಪ್ರಶ್ನೆಯ ಟೆಸ್ಟಿನಲ್ಲಿ ಐದು ತೆಗೆದ ಮಗುವಿಗೂ ಆರು ತೆಗೆದ ಮಗುವಿಗೂ ವ್ಯತ್ಯಾಸ ಹುಡುಕುವುದು ವ್ಯರ್ಥ. ನೆಗೆಟಿವ್ ಮಾರ್ಕಿಂಗ್ ಇದ್ದರೆ ಸರಿಹೋಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಕಳೆ 1. ಲೆಕ್ಕ ಹಾಕಿ ನೋಡಿ, ಸುಮ್ಮನೆ ಊಹಿಸಿದರೂ ಪ್ರಶ್ನೆಗೆ ಸರಾಸರಿ ಕಾಲು ಅಂಕ ಲಾಭವೇ! ಹೆದರಿ ಬಿಡುವ ಮಗುವಿಗೆ ಅದೂ ಇಲ್ಲ.

2021ರ ಎಸ್‌ಎಸ್‌ಎಲ್‌ಸಿ ಎಲ್ಲರಿಗೂ ನೆನಪಿರಬೇಕು. ಕೋವಿಡ್ ಕಾರಣಕ್ಕೆ ಆರು ವಿಷಯಗಳನ್ನು ಜುಲೈ 19 ಮತ್ತು 22ರ ಎರಡು ದಿನಕ್ಕೆ ಇಳಿಸಿ, ವಿಷಯಕ್ಕೆ 40ರಂತೆ ಪೂರ್ತಿ ಬಹು ಆಯ್ಕೆಯ ಪ್ರಶ್ನೆ ಕೊಟ್ಟರು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ವೃತ್ತ ತುಂಬಿದರು, ಆಗಸ್ಟ್ 9ಕ್ಕೆ ಫಲಿತಾಂಶ ಬಂತು, 157 ಮಕ್ಕಳಿಗೆ 625ಕ್ಕೆ 625. ಆ ಸಂಕಟದ ಕಾಲದಲ್ಲಿ ಅದಕ್ಕಿಂತ ಚೆನ್ನಾದ ದಾರಿ ಇರಲಿಲ್ಲ ಎಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಆ ಹಾಳೆಗಳು ಅಂಕ ಹಾಕುವ ಒಂದು ಕೆಲಸವನ್ನಷ್ಟೇ ಮಾಡಿದವು. ತರಗತಿ ಸರಿಯಾಗಿ ನಡೆಯದ ಒಂದು ವರ್ಷದಲ್ಲಿ ಮಕ್ಕಳಿಗೆ ಏನು ತಿಳಿಯದೆ ಉಳಿಯಿತು ಎಂಬ ಮಾಹಿತಿ ಅವುಗಳಲ್ಲಿ ಸಾಲುಸಾಲಾಗಿ ಇತ್ತು, ಪಿಯುಸಿ ಉಪನ್ಯಾಸಕರ ಕೈಗೆ ತಲುಪಿದ್ದು ಮಾತ್ರ ಮೊತ್ತ.

ಆನ್‌ಲೈನಿನವು ಹಲವು. ಗೂಗಲ್ ಫಾರ್ಮ್‌ನಲ್ಲಿ ಕ್ವಿಜ್ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಲಿಂಕ್ ಹಾಕುವುದು ಕೋವಿಡ್ ಕಾಲದಲ್ಲಿ ಎಲ್ಲರೂ ಕಲಿತ ವಿದ್ಯೆ. ಅಂಕ ತಾನೇ ಬೀಳುತ್ತದೆ, ಪ್ರಶ್ನೆವಾರು ನಕ್ಷೆಯೂ ಬರುತ್ತದೆ. ಕನ್ನಡ ಮೇಷ್ಟ್ರಿಗೆ ಅಲ್ಲಿ ಎದುರಾಗುವ ಮೊದಲ ತಡೆ ಮಾತ್ರ ವಿಚಿತ್ರ: ಹತ್ತಾರು ವರ್ಷ ನುಡಿಯ, ಬರಹದ ಹಳೆ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಕೋಶವನ್ನು ಕಾಪಿ ಮಾಡಿ ಫಾರ್ಮಿಗೆ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಫಾರ್ಮ್ ಕೆಟ್ಟಿಲ್ಲ, ಅದಕ್ಕೆ ಯೂನಿಕೋಡ್ ಬೇಕು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒಮ್ಮೆ ಕೂತು ಎಲ್ಲವನ್ನೂ ಬದಲಿಸಿಟ್ಟುಕೊಳ್ಳಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿಯಾಗಿ ಬಂದಿವೆಯೇ ಎಂದು ಕಣ್ಣಾಡಿಸಿ. ಇನ್ನು ಮನೆಯಲ್ಲಿ ಕೂತು ತುಂಬುವ ಫಾರ್ಮಿನ ಅಂಕ ಯಾರದು? ಬಹಳ ಸಲ ಪಿಯುಸಿ ಓದುವ ಅಣ್ಣನದು. ಅಭ್ಯಾಸಕ್ಕೆ ಸರಿ, ರಿಜಿಸ್ಟರಿಗೆ ಬೇಡ.

ನಾರ್ವೆಯ ಕಹೂಟ್ ಬಣ್ಣಬಣ್ಣದ್ದು, ಸಂಗೀತವೂ ಇದೆ, ಮಕ್ಕಳು ಬೆಂಚಿನ ಮೇಲೆ ಕುಣಿಯುತ್ತಾರೆ. ಬೇಗ ಒತ್ತಿದವರಿಗೆ ಹೆಚ್ಚು ಪಾಯಿಂಟ್ ಎಂಬ ಅದರ ಮಾಮೂಲು ನಿಯಮ ನನಗೆ ಒಗ್ಗದು. ಅಕ್ಷರ ಕೂಡಿಸಿಕೊಂಡು ಓದುವ ಮಗು ಪ್ರಶ್ನೆ ಮುಗಿಸುವಷ್ಟರಲ್ಲಿ ಪಕ್ಕದವನು ಗೆದ್ದಿರುತ್ತಾನೆ. ನಾಲ್ಕನೇ ಪ್ರಶ್ನೆಯಿಂದಾಚೆಗೆ ಆ ಮಗು ಓದುವುದನ್ನೇ ಬಿಟ್ಟು ಒತ್ತಲು ಶುರುಮಾಡುತ್ತದೆ. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿ ಹೊರದೇಶಗಳ ಶಾಲೆಗಳಿಗೂ ಹರಡಿದ, ಈಗ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿರುವ ಕ್ವಿಜಿಜ್‌ನಲ್ಲಿ ಪ್ರತಿ ಮಗು ತನ್ನ ಗತಿಯಲ್ಲಿ ಹೋಗಬಹುದು, ಅಷ್ಟರ ಮಟ್ಟಿಗೆ ಅದು ಮೇಲು. ಆದರೆ ಎರಡನ್ನೂ ಮಾಮೂಲಾಗಿ ಆಡಿಸಲು ಮಗುವಿಗೊಂದು ಫೋನೋ ಟ್ಯಾಬೋ ಬೇಕು. ನನಗೆ ಪತ್ರ ಬರೆಯುವ ಬಹುಪಾಲು ಶಿಕ್ಷಕರ ಶಾಲೆಯಲ್ಲಿರುವುದು ಒಂದು ಫೋನು, ಅದು ಅವರದೇ.

ಅಲ್ಲಿಗೆ ಕಾರ್ಡಿನ ಮಾತು ಬಂತು. ಪ್ಲಿಕರ್ಸ್ ಎಂಬುದನ್ನು ಶುರುಮಾಡಿದ್ದು ಕ್ಯಾಲಿಫೋರ್ನಿಯಾದ ಒಬ್ಬ ಗಣಿತ ಶಿಕ್ಷಕ. ಮಗುವಿಗೊಂದು ಕಾರ್ಡು, ಅದರ ಮೇಲೆ ಕ್ಯೂಆರ್ ಕೋಡಿನ ತಮ್ಮನಂತಿರುವ ಕಪ್ಪು ಆಕಾರ. ಆಕಾರದ ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡ್ ತಿರುಗಿಸಿ ಹಿಡಿಯಬೇಕು. ಶಿಕ್ಷಕಿ ತನ್ನ ಫೋನಿನ ಕ್ಯಾಮೆರಾವನ್ನು ತರಗತಿಯ ಈ ಮೂಲೆಯಿಂದ ಆ ಮೂಲೆಗೆ ಆಡಿಸಿದರೆ ಯಾರು ಏನು ಹಿಡಿದಿದ್ದಾರೆ ಎಂಬುದೆಲ್ಲ ಹೆಸರಿನ ಸಮೇತ ಬರುತ್ತದೆ. ಅಕ್ಷರಗಳು ಅತಿ ಸಣ್ಣ, ಆಕಾರವೂ ಒಬ್ಬೊಬ್ಬರದು ಒಂದೊಂದು ಥರ, ಹಾಗಾಗಿ ಪಕ್ಕದವರ ಕಾರ್ಡ್ ನೋಡಿ ಪ್ರಯೋಜನವಿಲ್ಲ. ಸೆಟ್ಟಿನಲ್ಲಿ 40 ಕಾರ್ಡು, ದೊಡ್ಡ ತರಗತಿಗೆ 63ರದ್ದೂ ಇದೆ. ಅನುಭವದಿಂದ ಎರಡು ಮಾತು: ಮಿರಮಿರ ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ, ಕಿಟಕಿಯ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಓದುವುದಿಲ್ಲ. ಕಾರ್ಡನ್ನು ಅಂಚಿನಲ್ಲಿ ಹಿಡಿಯುವುದನ್ನು ಮೊದಲೇ ಕಲಿಸಿ. ಕಪ್ಪಿನ ಮೇಲೆ ಬೆರಳಿಟ್ಟರೆ ಆ ಮಗು ಗೈರುಹಾಜರಿ.

ತಿಪಟೂರು ಕಡೆಯ ಒಂದು ಶಾಲೆಯಲ್ಲಿ ಇದನ್ನು ಬಳಸುವ ವಿಜ್ಞಾನ ಶಿಕ್ಷಕಿಯೊಬ್ಬರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ದ್ಯುತಿಸಂಶ್ಲೇಷಣೆ ಪಾಠ ಮುಗಿದಿತ್ತು. ಬೋರ್ಡಿನ ಮೇಲೆ ಅವರು ಬರೆದ ಪ್ರಶ್ನೆ: ‘ಹಲಸಿನ ಮರ ಕಡಿದು ಒಣಗಿಸಿದ್ದೇವೆ. ಆ ಒಣ ಸೌದೆಯ ತೂಕದ ಬಹುಪಾಲು ಮರಕ್ಕೆ ಎಲ್ಲಿಂದ ಬಂತು? ಎ) ಮಣ್ಣು ಬಿ) ಬಿಸಿಲು ಸಿ) ಗಾಳಿ.’ ಫೋನ್ ಆಡಿಸಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಎ’ ಎತ್ತಿದ್ದರು. ಇದೇ ಮಕ್ಕಳು ಹಿಂದಿನ ದಿನ ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆದು ತೋರಿಸಿದ್ದರಂತೆ.

ಶಿಕ್ಷಕಿ ಉತ್ತರ ಹೇಳಲಿಲ್ಲ. ‘ಪಕ್ಕದಲ್ಲಿ ಬೇರೆ ಉತ್ತರ ಹಿಡಿದವರು ಯಾರಿದ್ದಾರೋ ಅವರ ಜೊತೆ ಮಾತಾಡಿ’ ಎಂದರು. ಒಬ್ಬ ಹುಡುಗಿ, ‘ಗೊಬ್ಬರ ಹಾಕ್ದಿದ್ರೆ ಮರ ದಪ್ಪ ಆಗಲ್ವಲ್ಲ ಮಿಸ್’ ಎಂದಳು. ನ್ಯಾಯವಾದ ಮಾತು, ಅವರ ಮನೆಯ ತೋಟದ ಅನುಭವ ಅದೇ. ಹಿಂದಿನಿಂದ ಒಬ್ಬ ಹುಡುಗ, ‘ಮಣ್ಣು ತಿಂದು ಅಷ್ಟು ದಪ್ಪ ಆಗಿದ್ರೆ ಬುಡದಲ್ಲಿ ಗುಂಡಿ ಬೀಳ್ಬೇಕಿತ್ತಲ್ವಾ?’ ಎಂದ. ನನಗೆ ರೋಮಾಂಚನವಾಯಿತು. 17ನೇ ಶತಮಾನದಲ್ಲಿ ವ್ಯಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಕುಂಡದಲ್ಲಿ ವಿಲೋ ಗಿಡ ನೆಟ್ಟು ಐದು ವರ್ಷ ನೀರೆರೆದು, ಗಿಡ 164 ಪೌಂಡ್ ಹೆಚ್ಚಿದರೂ 200 ಪೌಂಡ್ ಮಣ್ಣಿನಲ್ಲಿ ಸುಮಾರು ಎರಡು ಔನ್ಸ್ ಮಾತ್ರ ಕಡಿಮೆಯಾದದ್ದನ್ನು ತೂಗಿ ನೋಡಿದ್ದರು. ತೂಕವೆಲ್ಲ ನೀರಿನಿಂದ ಬಂತೆಂದುಕೊಂಡದ್ದು ಬೇರೆ ಮಾತು. ಎಂಟನೇ ಬೆಂಚಿನ ಹುಡುಗ ತೂಕದ ತಕ್ಕಡಿಯಿಲ್ಲದೆ ಅದೇ ವಾದ ಹೂಡಿದ್ದ. ಎರಡನೇ ಸಲ ಕಾರ್ಡ್ ಎತ್ತಿಸಿದಾಗ ‘ಸಿ’ಗಳು ಹೆಚ್ಚಾದವು. ಆಮೇಲಷ್ಟೇ ಶಿಕ್ಷಕಿ ಬಾಯಿ ಬಿಟ್ಟರು: ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ, ಅದು ಬಂದದ್ದು ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ. ಮಣ್ಣಿನಿಂದ ಬಂದದ್ದು ಸೌದೆ ಉರಿದ ಮೇಲೆ ಒಲೆಯಲ್ಲಿ ಉಳಿಯುತ್ತದಲ್ಲ, ಆ ಬೂದಿಯಷ್ಟು. ಇಷ್ಟೆಲ್ಲ ಆದದ್ದು ಬೆಲ್ ಹೊಡೆಯುವುದರೊಳಗೆ.

ಹೀಗೆ ಕೇಳಿ, ಚರ್ಚೆಗೆ ಬಿಟ್ಟು, ಮತ್ತೆ ಕೇಳುವ ಕ್ರಮವನ್ನು ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ ಕಲಿಸುವ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ನಡೆಸಿಕೊಂಡು ಬಂದವರು. ಅವರ ಲೆಕ್ಕದಲ್ಲಿ ನೂರಕ್ಕೆ 30ರಿಂದ 70 ಮಂದಿ ಸರಿ ಹೇಳಿದರೆ ಚರ್ಚೆಗೆ ಬಿಡಬೇಕು. ಅದಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಇನ್ನೊಮ್ಮೆ ಹೇಳಬೇಕು, ಹೆಚ್ಚಿದ್ದರೆ ಚುಟುಕಾಗಿ ವಿವರಿಸಿ ಮುಂದಕ್ಕೆ ಹೋಗಬೇಕು. ಅವರ ತರಗತಿಯಲ್ಲಿ ಒತ್ತುವ ಕ್ಲಿಕ್ಕರ್ ಯಂತ್ರಗಳಿದ್ದವು. ಆ ಯಂತ್ರದ ಬದಲು ಎ, ಬಿ, ಸಿ, ಡಿ ಬರೆದ ಮಾಮೂಲು ರಟ್ಟಿನ ಕಾರ್ಡ್ ಎತ್ತಿಸಿದರೆ ಕಲಿಕೆಯಲ್ಲಿ ವ್ಯತ್ಯಾಸವಾಗುತ್ತದೆಯೇ ಎಂದು ನಥಾನಿಯಲ್ ಲಾಸ್ರಿ ಎಂಬ ಅಧ್ಯಾಪಕರು ಹೋಲಿಸಿ ನೋಡಿ 2008ರಲ್ಲಿ ಪ್ರಕಟಿಸಿದರು. ಕಲಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನೆಟ್ ಸಿಗದ ಊರಿನವರು ಪ್ಲಿಕರ್ಸನ್ನೂ ಮರೆತುಬಿಡಿ ಎಂದು ನಾನು ಹೇಳುವುದು ಇದರ ಬಲದ ಮೇಲೆ. ಹಳೆ ಮದುವೆ ಕಾಗದದ ಹಿಂಬದಿಯಲ್ಲಿ ನಾಲ್ಕು ಅಕ್ಷರ ಬರೆಸಿ, ಎಲ್ಲರೂ ‘ಒಂದು, ಎರಡು, ಮೂರು’ ಎಂದಾಗ ಒಟ್ಟಿಗೆ ಎತ್ತಿಸಿ. ಒಟ್ಟಿಗೆ ಎನ್ನುವುದು ಮುಖ್ಯ, ಇಲ್ಲವಾದರೆ ಎಲ್ಲರೂ ಮೊದಲ ಬೆಂಚಿನ ಜಾಣೆಯನ್ನು ನೋಡಿಕೊಂಡು ಎತ್ತುತ್ತಾರೆ.

ಸಲಕರಣೆ ಯಾವುದಾದರೂ ಆಗಲಿ, ಬೆವರು ಸುರಿಸಬೇಕಾದ ಜಾಗ ತಪ್ಪು ಆಯ್ಕೆಗಳು. ‘ಇವುಗಳಲ್ಲಿ ದೊಡ್ಡದು ಯಾವುದು: 0.5, 0.45, 0.375?’ ಎಂಬ ಪ್ರಶ್ನೆಯಲ್ಲಿ 0.375 ಹಿಡಿದ ಮಗು ಸುಮ್ಮನೆ ತಪ್ಪು ಮಾಡಿಲ್ಲ, ಬಿಂದುವಿನ ಆಚೆಗೂ ಅದು ಮುನ್ನೂರ ಎಪ್ಪತ್ತೈದು ಎಂದೇ ಓದುತ್ತಿದೆ. ಅಂಥ ಆಯ್ಕೆ ಹಾಕಿದ್ದರೆ ಮಾತ್ರ ಅದು ನಮಗೆ ಗೊತ್ತಾಗುತ್ತದೆ. ಮೂರು ಚೆನ್ನಾದ ಆಯ್ಕೆ ಸಿಕ್ಕರೆ ನಾಲ್ಕನೆಯದಕ್ಕೆ ತಡಕಾಡಬೇಡಿ; ಎಂಬತ್ತು ವರ್ಷಗಳ ಸಂಶೋಧನೆಗಳನ್ನು ಒಟ್ಟುಹಾಕಿ 2005ರಲ್ಲಿ ಮೈಕೆಲ್ ರಾಡ್ರಿಗಸ್ ಅವರು ಮೂರು ಆಯ್ಕೆಯೇ ಸಾಕು ಎಂದು ತೋರಿಸಿದ್ದಾರೆ. ನಮ್ಮಲ್ಲಿ ನಾಲ್ಕನೆಯ ಜಾಗಕ್ಕೆ ಬರುವುದು ಸಾಮಾನ್ಯವಾಗಿ ‘ಮೇಲಿನ ಎಲ್ಲವೂ’ ಅಥವಾ ಯಾರೂ ನಂಬದ ಒಂದು ಹೆಸರು. ಕನ್ನಡದ ಲಿಂಗಸೂಚಕ ರೂಪವೂ ಗುಟ್ಟು ಬಿಟ್ಟುಕೊಡುತ್ತದೆ. ‘ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಯಾರು?’ ಎಂದು ಕೇಳಿ, ಆಯ್ಕೆಯಲ್ಲಿ ಕೆಳದಿ ಚೆನ್ನಮ್ಮನ ಜೊತೆ ಮೂವರು ರಾಜರನ್ನು ಕೂರಿಸಿದ ಪ್ರಶ್ನೆಪತ್ರಿಕೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರಿ ಉತ್ತರವನ್ನೇ ಉದ್ದವಾಗಿ, ಎಚ್ಚರಿಕೆಯಿಂದ ಬರೆಯುವ ಚಾಳಿಯೂ ನಮಗಿದೆ. ಜಾಣ ಮಕ್ಕಳು ಪಾಠ ಬಿಟ್ಟು ಅದನ್ನೇ ಅಳೆಯುತ್ತಾರೆ. ಇನ್ನೊಂದು ಪರೀಕ್ಷೆ ಟೆಸ್ಟ್ ಮುಗಿದ ಮೇಲಿನದು: ಸದಾ ಚೆನ್ನಾಗಿ ಮಾಡುವ ಮಕ್ಕಳೇ ಹೆಚ್ಚಾಗಿ ತಪ್ಪಿದ ಪ್ರಶ್ನೆ ಇದ್ದರೆ ಮಕ್ಕಳನ್ನು ಬಿಡಿ, ಮೊದಲು ನಿಮ್ಮ ಕೀ ಆನ್ಸರ್ ನೋಡಿ, ಆಮೇಲೆ ಪ್ರಶ್ನೆಯ ವಾಕ್ಯ ನೋಡಿ.

ಕೊನೆಯದಾಗಿ ಒಂದು ಮಾತು, ಅದು ಶಿಕ್ಷಕರಿಗಲ್ಲ. ಕಾರ್ಡ್ ಎತ್ತುವ ಮಗು ಧೈರ್ಯವಾಗಿ ತಪ್ಪು ಉತ್ತರ ಹಿಡಿಯುವುದು ಅದಕ್ಕೆ ಅಂಕವಿಲ್ಲ ಎಂಬ ನಂಬಿಕೆಯಿಂದ. ಆ ಎಣಿಕೆಯೂ ರಿಜಿಸ್ಟರಿಗೆ ಹೋಗುತ್ತದೆ ಎಂದು ಗೊತ್ತಾದ ದಿನ ‘ಗೊಬ್ಬರ ಹಾಕ್ದಿದ್ರೆ’ ಎಂಬ ಮಾತು ತರಗತಿಯಲ್ಲಿ ಕೇಳಿಸುವುದಿಲ್ಲ. ಶಿಕ್ಷಕರೂ ಸುಲಭದ ಪ್ರಶ್ನೆ ಕೇಳಿ ಶೇಕಡಾವಾರು ಏರಿಸುತ್ತಾರೆ. ಶಾಲೆಗೆ ಭೇಟಿ ಕೊಡುವ ಸಿಆರ್‌ಪಿಗಳೇ, ಬಿಇಒಗಳೇ, ಎಫ್‌ಎ, ಎಸ್‌ಎ ಅಂಕಗಳನ್ನು ಎಷ್ಟು ಬೇಕಾದರೂ ಕೇಳಿ. ಈ ಕಾರ್ಡುಗಳ ಲೆಕ್ಕವನ್ನು ಮಾತ್ರ ದಯವಿಟ್ಟು ಯಾವ ನಮೂನೆಯಲ್ಲೂ ಕೇಳಬೇಡಿ.